ಕೆಟಲ್ ಕೈಗಿತ್ತವರನ್ನು ನೆನೆಯುವ ಬಗೆ

ಪ್ರಶ್ನೆ: ನಾನು ಶಿವಮೊಗ್ಗದವಳು. ಆರು ವರ್ಷಗಳಿಂದ ಇಂಗ್ಲೆಂಡಿನ ಉತ್ತರ ಭಾಗದ ಒಂದು ವಿಶ್ವವಿದ್ಯಾಲಯದ ಊರಿನಲ್ಲಿದ್ದೇನೆ. ಹೊರದೇಶಗಳಿಂದ ಹೊಸದಾಗಿ ಬಂದವರಿಗಾಗಿ ಇಲ್ಲಿನ ಚರ್ಚ್ ಹಾಲ್‌ನಲ್ಲಿ ಪ್ರತಿ ಮಂಗಳವಾರ ಒಂದು ಬಳಗ ಸೇರುತ್ತದೆ. ಇಪ್ಪತ್ತಾರು ವರ್ಷ ಅದನ್ನು ಸಂಬಳವಿಲ್ಲದೆ ನಡೆಸಿದ ಸ್ಥಳೀಯ ಹಿರಿಯರೊಬ್ಬರು, ನಿವೃತ್ತ ಶಿಕ್ಷಕಿ, ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ನಾನು ಹೋದ ಎರಡನೇ ವಾರವೇ ನನ್ನ ಕೈಗೆ ಕೆಟಲ್ ಕೊಟ್ಟು "ಇನ್ನು ಮೇಲೆ ಚಹಾ ನಿಮ್ಮ ಜವಾಬ್ದಾರಿ" ಎಂದವರು ಅವರು. ಬಳಗದವರು ನುಡಿನಮನ ಇಟ್ಟುಕೊಂಡಿದ್ದು, ಅಂದು ಹಂಚುವ ಸ್ಮರಣ ಲೇಖನವನ್ನು ನನಗೆ ವಹಿಸಿದ್ದಾರೆ. ಎಷ್ಟು ಸಲ ಬರೆದರೂ 'ನಿಸ್ವಾರ್ಥ ಸೇವೆ', 'ಮಾತೃಹೃದಯ' ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಅವರು ಸ್ವಲ್ಪ ಸಿಡುಕಿನವರು. ಹಾಲ್‌ನ ಬೀಗದ ಕೈಯನ್ನು ಯಾರಿಗೂ ಕೊಡುತ್ತಿರಲಿಲ್ಲ. ಅದನ್ನು ಬರೆಯಬಹುದೇ? ಅವರಿಂದ ಸಹಾಯ ಪಡೆದವರ ಕಷ್ಟದ ಕಥೆಗಳನ್ನು ಹೇಳಬಹುದೇ? ಅವರಿಗೆ ಸರ್ಕಾರಿ ಗೌರವ ಕೊಡಿಸಲು, ಪಾರ್ಕಿನಲ್ಲಿ ಅವರ ಹೆಸರಿನ ಬೆಂಚು ಇಡಿಸಲು ಸಾಧ್ಯವೇ?

ಉತ್ತರ: ನಿಮ್ಮ ಲೇಖನದ ಮೊದಲ ವಾಕ್ಯ ನಿಮ್ಮ ಪತ್ರದಲ್ಲೇ ಇದೆ, ನೀವು ಗಮನಿಸಿಲ್ಲ, ಅಷ್ಟೇ. ಎರಡನೇ ವಾರವೇ ಕೈಗೆ ಬಂದ ಆ ಕೆಟಲ್ಲಿನ ಮಾತನ್ನು ಇನ್ನಾರೂ ಬರೆಯಲಾರರು. 'ನಿಸ್ವಾರ್ಥ ಸೇವೆ' ಎಂಬುದನ್ನಾದರೋ ಯಾರು ಬೇಕಾದರೂ ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಬರೆಯುತ್ತಲೂ ಇದ್ದಾರೆ. ಸಮುದಾಯ ಸಂಘಗಳ ನೆನಪುಗಳನ್ನೂ ಕಾಗದಪತ್ರಗಳನ್ನೂ ಸಂಗ್ರಹಿಸುವ ಕೆಲಸದಲ್ಲಿರುವ ನಾನು ಇದನ್ನು ಮೇಲಿನಿಂದ ಉಪದೇಶಿಸುತ್ತಿಲ್ಲ. ವರ್ಷಗಳ ಹಿಂದೆ ಒಬ್ಬ ಹಿರಿಯ ಕಾರ್ಯಕರ್ತರ ಬಗ್ಗೆ ನಾನು ಬರೆದ ಎರಡು ಪುಟಗಳ ಲೇಖನವನ್ನು ಓದಿದ ಅವರ ಮಗಳು, "ಚೆನ್ನಾಗಿದೆ, ಆದರೆ ಇದರಲ್ಲಿ ನಮ್ಮ ಅಪ್ಪ ಎಲ್ಲಿದ್ದಾರೆ?" ಎಂದು ಕೇಳಿದ್ದರು. ಮರಳಿ ಓದಿ ನೋಡಿದರೆ ಹೆಸರೊಂದನ್ನು ಬಿಟ್ಟು ಅವರಿಗೇ ಸಲ್ಲುವ ಸಂಗತಿ ಒಂದೂ ಇರಲಿಲ್ಲ.

ನಮ್ಮ ಭಾಷೆಯಲ್ಲಿ ಸ್ಮರಣೆಯ ಬರವಣಿಗೆ ಮೊದಲಿನಿಂದ ಹೀಗೇನೂ ಇರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಹತ್ತನೇ ಶತಮಾನದ ನಡುಭಾಗದ ಶಾಸನವನ್ನು ನೀವು ಶಾಲೆಯಲ್ಲಿ ಕೇಳಿರುತ್ತೀರಿ. ಕಾಳಿ ಎಂಬ ಬೇಟೆನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟದ್ದು, ಎರಡೂ ಹೋರಾಡಿ ಒಟ್ಟಿಗೇ ಸತ್ತದ್ದು, ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟದ್ದು, ಇಷ್ಟನ್ನು ಆ ಕಲ್ಲು ಹೇಳುತ್ತದೆ. ನಾಯಿಯ ನಿಷ್ಠೆಯ ಮೇಲೆ ಭಾಷಣವಿಲ್ಲ. ಎಲ್ಲಿ ಏನಾಯಿತು ಎಂಬುದಿದೆ, ಅದರಿಂದಲೇ ಸಾವಿರ ವರ್ಷದ ಮೇಲೂ ಕಾಳಿ ನಮ್ಮ ಕಣ್ಣಿಗೆ ಕಟ್ಟುತ್ತದೆ. ನಿವೃತ್ತ ಶಿಕ್ಷಕಿಯೊಬ್ಬರ ಸ್ಮರಣೆಗೆ ಬೇಟೆನಾಯಿಯ ಕಲ್ಲನ್ನು ಎಳೆದು ತಂದದ್ದು ವಿಚಿತ್ರವೆನಿಸಿದರೆ ಕ್ಷಮಿಸಿ. ಅವರ ಊರಿನವರು ನಾಯಿಗಳ ವಿಷಯದಲ್ಲಿ ತೋರುವ ಅಕ್ಕರೆಯನ್ನು ನೋಡಿದರೆ ಅವರು ಬೇಸರಪಟ್ಟುಕೊಳ್ಳುತ್ತಿರಲಿಲ್ಲ ಎಂದುಕೊಂಡಿದ್ದೇನೆ.

ಹೊಸಬರನ್ನು ಬರಮಾಡಿಕೊಳ್ಳುವವರ ಸ್ಮರಣೆಯಲ್ಲಿ ಇದಕ್ಕಿಂತ ದೊಡ್ಡ ತೊಡಕೊಂದಿದೆ. ಅದನ್ನು ಹೇಳಲು, ನೀವಿರುವ ದೇಶದಲ್ಲೇ ನಿಮ್ಮ ಹಿರಿಯರ ಕೆಲಸವನ್ನೇ ನೂರೈವತ್ತು ವರ್ಷಗಳಷ್ಟು ಹಿಂದೆ ಮಾಡಿದ ಒಬ್ಬರ ಮಾತನ್ನು ಎತ್ತಿಕೊಳ್ಳುತ್ತೇನೆ. ಬ್ರಿಸ್ಟಲ್‌ನ ಮೇರಿ ಕಾರ್ಪೆಂಟರ್ 1870ರಲ್ಲಿ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. 1877ರಲ್ಲಿ ಅವರು ತೀರಿಕೊಂಡ ಮೇಲೆ ಎಲಿಜಬೆತ್ ಅಡಿಲೇಡ್ ಮ್ಯಾನಿಂಗ್ ಎಂಬವರು ಅದರ ಗೌರವ ಕಾರ್ಯದರ್ಶಿಯಾದರು, ಮತ್ತು 1905ರಲ್ಲಿ ತಾವು ಸಾಯುವ ಕಾಲದವರೆಗೂ ಆ ಕೆಲಸವನ್ನು ಕೈಬಿಡಲಿಲ್ಲ. ವಕೀಲಿಗೋ ವೈದ್ಯಕೀಯಕ್ಕೋ ಸಿವಿಲ್ ಸರ್ವಿಸ್ ಪರೀಕ್ಷೆಗೋ ಹಡಗಿನಿಂದಿಳಿದ ಭಾರತೀಯ ತರುಣರು ಲಂಡನ್ನಿನಲ್ಲಿದ್ದ ಅವರ ಮನೆಗೆ ಬರುತ್ತಿದ್ದರು. 1889ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದಲು ಹೋದ, ಮುಂದೆ ಭಾರತದ ಮೊದಲ ಮಹಿಳಾ ವಕೀಲರಲ್ಲೊಬ್ಬರಾದ ಕಾರ್ನೇಲಿಯಾ ಸೊರಾಬ್ಜಿಯವರಿಗೂ ಮೊದಲ ಆಸರೆಯಾದದ್ದು ಅದೇ ಮನೆ. ಹೀಗೆ ಬಂದವರ ಪೈಕಿ ಒಬ್ಬರು ಮೋಹನದಾಸ ಗಾಂಧಿ.

ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಮ್ಯಾನಿಂಗ್ ಅವರ ಬಗ್ಗೆ ಬರೆದದ್ದು ಕೆಲವೇ ಸಾಲು. ತಾನು ಯಾರೊಂದಿಗೂ ಬೆರೆಯಲಾರದವನೆಂಬುದು ಅವರಿಗೆ ಗೊತ್ತಿತ್ತು, ಅವರ ಮನೆಗೆ ಹೋದಾಗ ಯಾರಾದರೂ ಮಾತನಾಡಿಸಿದ ಹೊರತು ಬಾಯಿ ಬಿಡದೆ ಕೂತಿರುತ್ತಿದ್ದೆ, ನಾರಾಯಣ ಹೇಮಚಂದ್ರ ಎಂಬವರನ್ನು ನನಗೆ ಪರಿಚಯಿಸಿದವರು ಅವರೇ ಎಂದು ಹೇಳಿ ಮುಂದೆ ಹೋಗುತ್ತಾರೆ. ಹೇಮಚಂದ್ರರು ಗುಜರಾತಿ ಲೇಖಕರು. ಉಡುಪು ಓರೆಕೋರೆ, ಇಂಗ್ಲಿಷ್ ಬಾರದು, ಸಂಕೋಚವೆಂಬುದು ಮೊದಲೇ ಇಲ್ಲ. ಅವರಿಗೆ ಇಂಗ್ಲಿಷ್ ಹೇಳಿಕೊಡಲು ಗಾಂಧಿ ಒಪ್ಪಿಕೊಂಡರು, ಇಬ್ಬರೂ ಆಪ್ತರಾದರು. ಈ ನಾಲ್ಕು ಸಾಲುಗಳಲ್ಲಿ ಮ್ಯಾನಿಂಗ್ ಅವರ ಕಸುಬೇ ಕಾಣುತ್ತದೆ. ಮೂಲೆಯಲ್ಲಿ ಮುದುರಿ ಕೂತ ಹುಡುಗನನ್ನು ಸಭೆಯ ನಡುವೆ ಎಳೆದು ತರುವುದು ಅಥವಾ ಪಕ್ಕದಲ್ಲಿ ಕೂತು ಸಮಾಧಾನ ಹೇಳುವುದು ಯಾರಿಗಾದರೂ ಹೊಳೆಯುವ ದಾರಿ. ಅವರಾದರೋ ಅವನಿಗಿಂತಲೂ ಹೊಸಬನಾದ ಇನ್ನೊಬ್ಬನ ಪರಿಚಯ ಮಾಡಿಸಿದರು. ಅದುವರೆಗೆ ಎಲ್ಲರಿಂದ ಪಡೆಯುವವನಾಗಿಯೇ ಇದ್ದವನಿಗೆ ಕೊಡುವುದಕ್ಕೂ ಏನೋ ಸಿಕ್ಕಿತು. ನಿಮ್ಮ ಹಿರಿಯರು ಕೆಟಲ್ ಕೊಟ್ಟದ್ದು ಇದೇ ಲೆಕ್ಕದಲ್ಲಿ ಇದ್ದೀತು ಎಂದು ನನ್ನ ಊಹೆ. ಚಹಾ ಮಾಡಲು ಅಲ್ಲಿ ಬೇರೆ ಯಾರೂ ಇರಲಿಲ್ಲವೆಂದು ನನಗನಿಸುವುದಿಲ್ಲ. ಅತಿಥಿಯಾಗಿ ಬಂದವರು ಮೂರನೇ ವಾರ ಬರದಿದ್ದರೂ ನಡೆಯುತ್ತದೆ, ಚಹಾದ ಹೊಣೆ ಹೊತ್ತವರು ಮಾತ್ರ ಬರಲೇಬೇಕಾಗುತ್ತದೆ. ಬೇರೆ ಯಾರಿಗೆ ಯಾವ ಕೆಲಸ ಕೊಟ್ಟಿದ್ದರು ಎಂದು ವಿಚಾರಿಸಿ ನೋಡಿ. ನಿಮ್ಮ ಲೇಖನದ ಬೆನ್ನೆಲುಬು ಅಲ್ಲೇ ಸಿಗಬಹುದು.

ತೊಡಕು ಇಲ್ಲಿದೆ. ಮ್ಯಾನಿಂಗ್ ಅವರ ಈ ಗುಣವನ್ನು ಇಂದಿಗೂ ಹೇಳುತ್ತಿರುವುದು ಅವರ ಅತಿಥಿಯಾಗಿದ್ದವರ ಬರಹ. ಬರಮಾಡಿಕೊಂಡವರ ನೆನಪು ಬಂದುಹೋದವರ ಬಳಿ ಇರುತ್ತದೆ, ಬಂದವರಾದರೋ ಓದು ಮುಗಿಸಿ, ಒಪ್ಪಂದ ಮುಗಿಸಿ ದಿಕ್ಕುದಿಕ್ಕಿಗೆ ಹೋಗಿಬಿಡುತ್ತಾರೆ. ಊರಿನ ಶಿಕ್ಷಕರು ಸತ್ತರೆ ಅವರ ಶಿಷ್ಯರು ಅದೇ ಬೀದಿಗಳಲ್ಲಿ ಸಿಗುತ್ತಾರೆ. ಇಂಥ ಬಳಗದ ಹಿರಿಯರು ಸತ್ತಾಗ ಅವರನ್ನು ಬಲ್ಲವರು ನೈರೋಬಿಯಲ್ಲೋ ಸೋಲ್‌ನಲ್ಲೋ ಧಾರವಾಡದಲ್ಲೋ ಇರುತ್ತಾರೆ. ನುಡಿನಮನದ ದಿನ ಹಾಲ್‌ನಲ್ಲಿ ಸೇರುವವರು ಬಹುಮಟ್ಟಿಗೆ ಕೊನೆಯ ಐದಾರು ವರ್ಷಗಳಲ್ಲಿ ಬಂದವರು, ಅಂದರೆ ಅವರ ವೃದ್ಧಾಪ್ಯವನ್ನು ಮಾತ್ರ ಕಂಡವರು. ಅವರನ್ನಷ್ಟೇ ನಂಬಿದರೆ ಇಪ್ಪತ್ತಾರು ವರ್ಷಗಳಲ್ಲಿ ಇಪ್ಪತ್ತು ವರ್ಷ ಕಾಣೆಯಾಗುತ್ತವೆ.

ಆದ್ದರಿಂದ ಬರೆಯಲು ಕೂರುವ ಮೊದಲು ಹಳಬರನ್ನು ಹುಡುಕಿ. ಅವರ ಮನೆಯವರನ್ನು ಕೇಳಿ ಕ್ರಿಸ್‌ಮಸ್ ಕಾರ್ಡುಗಳ ವಿಳಾಸಪಟ್ಟಿ ಪಡೆಯಿರಿ. ಆ ತಲೆಮಾರಿನ ಇಂಗ್ಲಿಷ್ ಹೆಂಗಸರಲ್ಲಿ ಅಂಥ ಪಟ್ಟಿ ಇಟ್ಟುಕೊಳ್ಳುವವರು ಬಹಳ, ಮತ್ತು ಯಾವ ವರ್ಷ ಯಾರಿಗೆ ಕಾರ್ಡು ಹೋಯಿತು, ಯಾರಿಂದ ಬಂತು ಎಂಬ ಗುರುತೂ ಅದರಲ್ಲಿರುವುದುಂಟು. ವಿಳಾಸ ಕೈಗೆ ಬಂದ ಮೇಲೆ "ಅವರು ಎಂಥವರು?" ಎಂದು ಮಾತ್ರ ಕೇಳಬೇಡಿ, ಆ ಪ್ರಶ್ನೆಗೆ ಜಗತ್ತಿನ ಎಲ್ಲ ಭಾಷೆಗಳಲ್ಲೂ "ತುಂಬ ಒಳ್ಳೆಯವರು" ಎಂಬ ಒಂದೇ ಉತ್ತರ ಬರುತ್ತದೆ. ಮೊದಲ ದಿನ ಬಾಗಿಲಲ್ಲಿ ಏನೆಂದರು, ನಿಮ್ಮ ಹೆಸರನ್ನು ಹೇಗೆ ಉಚ್ಚರಿಸುತ್ತಿದ್ದರು, ನಿಮ್ಮ ಮನೆಗೆ ಬಂದಾಗ ಎಲ್ಲಿ ಕೂತರು, ಏನು ತಿಂದರು, ಯಾವುದಕ್ಕೆ ರೇಗಿದರು ಎಂದು ಕೇಳಿ. ಇಂಗ್ಲಿಷಿನಲ್ಲಿ ಬರೆಯಲು ಮುಜುಗರಪಡುವವರಿಗೆ ತಮ್ಮ ಭಾಷೆಯಲ್ಲೇ ಧ್ವನಿ ಮುದ್ರಿಸಿ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ, ಅನುವಾದಿಸುವವರು ನಿಮ್ಮ ಬಳಗದಲ್ಲೇ ಇದ್ದಾರು.

ಇಂಥ ಪ್ರಶ್ನೆಗೆ ಎಂಥ ಉತ್ತರ ಬರುತ್ತದೆ ಎಂಬುದಕ್ಕೆ ನಾನೇ ಧ್ವನಿಮುದ್ರಿಸಿಕೊಂಡ ಒಂದನ್ನು ಹೇಳುತ್ತೇನೆ. ಬೇರೊಂದು ಊರಿನ ಇಂಥದೇ ಬಳಗದಲ್ಲಿದ್ದ ನಮ್ಮ ಕಡೆಯ ಹೆಣ್ಣುಮಗಳೊಬ್ಬರು ಬಂದ ಹೊಸತರಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿಸಿ ಒಣಮೆಣಸಿನಕಾಯಿ ಹಾಕುತ್ತಿದ್ದಂತೆ ಅಡುಗೆಮನೆಯ ಹೊಗೆ ಅಲಾರಂ ಕೂಗಿಕೊಂಡಿತು. ಕೈಯಲ್ಲಿ ಕೂಸು, ಮನೆಯಲ್ಲಿ ಬೇರೆ ಯಾರೂ ಇಲ್ಲ, ಪೊಲೀಸರು ಬರುತ್ತಾರೆಂಬ ಭಯ. ಅವರು ಬಳಗದ ಹಿರಿಯರಿಗೆ ಫೋನ್ ಮಾಡಿದರು. ಎರಡು ಬೀದಿ ಆಚೆಯಿದ್ದ ಆಕೆ ಕೋಟಿನ ಗುಂಡಿ ಕೂಡ ಹಾಕಿಕೊಳ್ಳದೆ ಬಂದು, ಕಿಟಕಿ ತೆರೆದು, ಪಾತ್ರೆ ಒರೆಸುವ ಬಟ್ಟೆಯನ್ನು ಅಲಾರಂನ ಕೆಳಗೆ ಬೀಸಣಿಗೆಯಂತೆ ಬೀಸಿ ಅದನ್ನು ಸುಮ್ಮನಾಗಿಸಿದರಂತೆ. ಆಮೇಲೆ ಬಾಣಲೆಯತ್ತ ಬಗ್ಗಿ, "ಇದು ಸೀದು ಹೋಯಿತು, ಇನ್ನೊಮ್ಮೆ ಹಾಕಿ, ನಾನು ಬಟ್ಟೆ ಬೀಸುತ್ತಿರುತ್ತೇನೆ" ಎಂದರಂತೆ. ಇದನ್ನು ಹೇಳಿದಾಕೆ ಇಪ್ಪತ್ತು ನಿಮಿಷದ ಮಾತಿನಲ್ಲಿ 'ಕರುಣೆ' ಎಂಬ ಪದವನ್ನು ಒಮ್ಮೆಯೂ ಬಳಸಲಿಲ್ಲ.

ಇನ್ನೊಂದು ಮೂಲವನ್ನು ಮರೆಯಬೇಡಿ: ಅವರು ಇಟ್ಟಿದ್ದ ನೋಟ್‌ಬುಕ್ಕುಗಳು. ಇಂಥ ಬಳಗಗಳನ್ನು ಬಹುಕಾಲ ನಡೆಸಿದವರ ತಲೆಯಲ್ಲೂ ಟಿಪ್ಪಣಿಗಳಲ್ಲೂ ಒಂದು ಇಡೀ ಕಚೇರಿ ಇರುತ್ತದೆ. ವಿಳಾಸದ ಪುರಾವೆ ಇಲ್ಲವೆಂಬ ಒಂದೇ ಕಾರಣಕ್ಕೆ ಇಂಗ್ಲೆಂಡಿನ ಜಿ.ಪಿ. (ಕುಟುಂಬ ವೈದ್ಯರ) ಕ್ಲಿನಿಕ್ ಹೊಸಬರ ಹೆಸರು ಬರೆದುಕೊಳ್ಳಲು ನಿರಾಕರಿಸುವಂತಿಲ್ಲ ಎಂಬುದು, ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ತೆರಿಗೆ ಇಲ್ಲ, ಗಂಡನೋ ಹೆಂಡತಿಯೋ ವಿದ್ಯಾರ್ಥಿಯಲ್ಲದಿದ್ದರೆ ಲೆಕ್ಕ ಬೇರೆ ಎಂಬುದು, ವರ್ಷದ ನಡುವೆ ಬಂದ ಮಗುವಿಗೆ ಶಾಲೆಯ ಸೀಟು ಬೇಕಾದರೆ ಯಾವ ಮೇಜಿನವರನ್ನು ಕೇಳಬೇಕೆಂಬುದು, ಯಾವ ಬಣ್ಣದ ಕಸದ ಡಬ್ಬಿ ಯಾವ ವಾರವೆಂಬುದು, 2024ರ ಕೊನೆಯ ಹೊತ್ತಿಗೆ ವಾಸದ ಪರವಾನಗಿಯ ಕಾರ್ಡುಗಳು ಹೋಗಿ ಇ-ವೀಸಾ ಬಂದಾಗ ಗಾಬರಿಯಾದವರಿಗೆ ಏನು ಹೇಳಬೇಕೆಂಬುದು, ಇವೆಲ್ಲ ಸೇವಾಭಾವದಿಂದ ತಾವಾಗಿ ಹುಟ್ಟುವ ತಿಳಿವಳಿಕೆಯಲ್ಲ. ಕಚೇರಿಗಳಿಗೆ ಫೋನ್ ಮಾಡಿ, ಕಾದು, ತಪ್ಪು ಉತ್ತರ ಪಡೆದು, ಮತ್ತೆ ಫೋನ್ ಮಾಡಿ ವರ್ಷಗಟ್ಟಲೆ ಗಳಿಸಿದ್ದು. ಇಂಥ ಹೆಂಗಸರನ್ನು ನೆನೆಯುವಾಗ ಹೃದಯವನ್ನು ಹೊಗಳಿ ತಲೆಯನ್ನು ಮರೆತುಬಿಡುವ ರೂಢಿ ನನಗೆ ಬಹಳ ಕಾಲದಿಂದ ಕಿರಿಕಿರಿ ಉಂಟುಮಾಡಿದೆ. ಇದೇ ಕೆಲಸವನ್ನು ಸಂಬಳಕ್ಕೆ ಮಾಡಿದ ಗಂಡಸಾಗಿದ್ದರೆ ನಾವು 'ಆಡಳಿತ ಚತುರ' ಎನ್ನುತ್ತಿದ್ದೆವು. ಇವರಿಗೆ 'ಮಾತೃಹೃದಯ' ಎಂದು ಮುಗಿಸುತ್ತೇವೆ. ನಿಮ್ಮ ಲೇಖನದ ಕಾಲು ಭಾಗವನ್ನಾದರೂ ಅವರಿಗೆ ಏನೇನು ಗೊತ್ತಿತ್ತು ಎಂಬುದಕ್ಕೆ ಮೀಸಲಿಡಿ. ಜೊತೆಗೆ, ಆ ನೋಟ್‌ಬುಕ್ಕುಗಳು ಮನೆ ಖಾಲಿ ಮಾಡುವಾಗ ರದ್ದಿಗೆ ಹೋಗದಂತೆ ಈ ವಾರವೇ ಅವರ ಮನೆಯವರೊಂದಿಗೆ ಮಾತನಾಡಿ. ಲೇಖನ ತಡವಾದರೆ ಏನೂ ಆಗದು, ಇದು ತಡವಾದರೆ ಮತ್ತೆ ಸಿಗದು.

ಸಿಡುಕಿನ ವಿಷಯ. ಬರೆಯಬಹುದು, ಬರೆಯಲೂಬೇಕು, ಆದರೆ ಅದನ್ನು ಗುಣದೋಷಗಳ ಪಟ್ಟಿಯಲ್ಲಿ ಒಂದು ದೋಷವಾಗಿ ಸೇರಿಸಬೇಡಿ. ಬೀಗದ ಕೈಯನ್ನು ಯಾಕೆ ಕೊಡುತ್ತಿರಲಿಲ್ಲ ಎಂಬುದನ್ನು ಮೊದಲು ವಿಚಾರಿಸಿ. ಹಿಂದೊಮ್ಮೆ ಹಾಲ್ ಕೊಟ್ಟವರೊಂದಿಗೆ ಜಗಳವಾಗಿತ್ತೇ, ಯಾರೋ ಬೀಗ ಹಾಕಲು ಮರೆತಿದ್ದರೇ, ಅಥವಾ ತನ್ನ ಕೈತಪ್ಪಿದರೆ ಎಲ್ಲವೂ ನಿಂತುಹೋಗುತ್ತದೆಂಬ ಭಯವೇ? ಮೂರನೆಯದೇ ಕಾರಣವಾಗಿದ್ದರೆ ಅದನ್ನೂ ಮರೆಮಾಚದೆ ಹೇಳಬಹುದು, ಏಕೆಂದರೆ ಇಪ್ಪತ್ತಾರು ವರ್ಷ ಒಬ್ಬರೇ ಹೊತ್ತ ಹೊರೆಯನ್ನು ಇಳಿಸಿಕೊಡಲು ಬಾರದಿರುವುದು ಇಂಥ ಬಳಗಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಸಂಗತಿ, ಮತ್ತು ಅದಕ್ಕೆ ಹೊರೆ ಹೊತ್ತವರಷ್ಟೇ ಹೊರಲು ಮುಂದೆ ಬಾರದ ಉಳಿದವರೂ ಕಾರಣ. ಅವರೊಂದಿಗೆ ಜಗಳವಾಡಿದವರು ನುಡಿನಮನಕ್ಕೆ ಬಂದು, ಲೇಖನದಲ್ಲಿ ಜಗಳದ ಸುಳಿವೇ ಇಲ್ಲದಿದ್ದರೆ, ಉಳಿದದ್ದನ್ನೂ ನಂಬುವುದಿಲ್ಲ. ಆದರೆ ಒಂದು ಎಚ್ಚರ: ಸಿಡುಕನ್ನು ಹೇಳುವ ಪ್ರಸಂಗ ನೀವೇ ಕಂಡದ್ದಾಗಿರಲಿ, ಸಿಡುಕಿಸಿಕೊಂಡವರು ನೀವೇ ಆಗಿದ್ದರೆ ಇನ್ನೂ ಒಳ್ಳೆಯದು.

ಸಹಾಯ ಪಡೆದವರ ಕಥೆಗಳ ವಿಷಯದಲ್ಲಿ ಮಾತ್ರ ನಾನು ಬಿಗಿ. ಸತ್ತವರ ವಿವರಗಳಿಗೆ ಬ್ರಿಟನ್ನಿನ ದತ್ತಾಂಶ ರಕ್ಷಣೆಯ ಕಾನೂನು ಅನ್ವಯಿಸುವುದಿಲ್ಲ, ಅದು ಬದುಕಿರುವವರಿಗೆ ಮಾತ್ರ. ಆದರೆ ಅವರ ರಿಜಿಸ್ಟರಿನಲ್ಲಿರುವ ಹೆಸರು, ವಿಳಾಸ, ಫೋನ್ ನಂಬರುಗಳೆಲ್ಲ ಬದುಕಿರುವವರವು. ಗಂಡನ ಹೊಡೆತ ತಾಳಲಾರದೆ ಮಗುವಿನೊಂದಿಗೆ ರಾತ್ರಿ ಹೊರಟು ಬಂದವಳನ್ನು ಹಿರಿಯರು ಸುರಕ್ಷಿತ ಜಾಗಕ್ಕೆ ಕರೆದೊಯ್ದಿದ್ದರೆ, ಅದು ಅವರ ಬದುಕಿನ ಬಹು ದೊಡ್ಡ ಕೆಲಸವೇ ಇರಬಹುದು, ಹಾಗಿದ್ದರೂ ಅದನ್ನು ಹೇಳುವ ಹಕ್ಕು ಆ ಹೆಣ್ಣುಮಗಳದು. ಹೆಸರು ಬದಲಾಯಿಸಿದರೆ ಸಾಕೆಂದುಕೊಳ್ಳಬೇಡಿ. ದೇಶ, ವರ್ಷ, ಮಗುವಿನ ವಯಸ್ಸು ಹೇಳಿದರೆ ಸಣ್ಣ ಊರಿನಲ್ಲಿ ಯಾರೆಂದು ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ವಲಸೆ ಅರ್ಜಿ, ಆಶ್ರಯದ ಅರ್ಜಿ, ಕಾಯಿಲೆ, ಸಾಲ, ಇವುಗಳಿಗೂ ಇದೇ ನಿಯಮ. ಅವರಿಗೆ ಬರೆದು, ಲೇಖನದಲ್ಲಿ ಬರಲಿರುವ ವಾಕ್ಯವನ್ನೇ ಯಥಾವತ್ತಾಗಿ ತೋರಿಸಿ, ಒಪ್ಪಿಗೆ ಬಂದರೆ ಹಾಕಿ. ಉತ್ತರ ಬಾರದಿದ್ದರೆ ಒಪ್ಪಿಗೆಯಿಲ್ಲವೆಂದೇ ತಿಳಿಯಿರಿ. ಹೇಳದೆ ಬಿಟ್ಟ ಕಥೆಗಳ ಬಗ್ಗೆ, "ಇಲ್ಲಿ ಬರೆಯಲಾಗದ ಕೆಲವು ರಾತ್ರಿಗಳ ಬಗ್ಗೆ ಬಲ್ಲವರು ಬಲ್ಲರು" ಎಂಬಷ್ಟು ಒಂದು ಸಾಲು ಸಾಕು. ಹಾಗೆಯೇ ಕಾಗದಪತ್ರಗಳನ್ನು ಮುಂದೆ ನಿಮ್ಮ ಜಿಲ್ಲೆಯ ದಾಖಲೆ ಕಚೇರಿಗೆ ಕೊಡುವ ಮನಸ್ಸಾದರೆ, ರಿಜಿಸ್ಟರುಗಳನ್ನು ಬೇರೆ ಮಾಡಿ, ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದೆಂಬ ಕರಾರಿನ ಮೇಲೆ ಕೊಡಬಹುದು; ಇಂಥ ಕರಾರು ಆ ಕಚೇರಿಗಳಿಗೆ ಹೊಸದಲ್ಲ.

ಸರ್ಕಾರಿ ಗೌರವದ ಪ್ರಶ್ನೆಗೆ ಉತ್ತರ ಚಿಕ್ಕದು. ಬ್ರಿಟನ್ನಿನ ದೊರೆಯ ಹೆಸರಿನಲ್ಲಿ ಕೊಡುವ ಎಂ.ಬಿ.ಇ.ಯಂಥ ಗೌರವಗಳಿಗೆ ತೀರಿಕೊಂಡವರನ್ನು ನಾಮನಿರ್ದೇಶನ ಮಾಡಲಾಗದು. ಆದರೆ ಸ್ವಯಂಸೇವಕರ ಗುಂಪುಗಳಿಗೆಂದೇ 2002ರಲ್ಲಿ ರಾಣಿಯ ಹೆಸರಿನಲ್ಲಿ ಆರಂಭವಾಗಿ ಈಗ ರಾಜನ ಹೆಸರಿನಲ್ಲಿ ನಡೆಯುವ ಪ್ರಶಸ್ತಿಯೊಂದಿದೆ. ನಿಮ್ಮ ಬಳಗಕ್ಕಾಗಿ ಅದನ್ನು ಪ್ರಯತ್ನಿಸಬಹುದು. 'ದಿ ಗಾರ್ಡಿಯನ್' ಪತ್ರಿಕೆಯು ಹೆಸರುವಾಸಿಯಲ್ಲದವರ ಬಗ್ಗೆ ಅವರನ್ನು ಬಲ್ಲವರೇ ಬರೆದು ಕಳಿಸುವ ಚಿಕ್ಕ ಸ್ಮರಣ ಲೇಖನಗಳನ್ನು ಪ್ರಕಟಿಸುತ್ತದೆ, ಅದನ್ನೂ ನೋಡಿ.

ಬೆಂಚಿನ ಬಗ್ಗೆ ನನಗೆ ಅಂಥ ಉತ್ಸಾಹವಿಲ್ಲ, ಆದರೆ ಬೇಡವೆನ್ನಲಾರೆ. ಹಲವು ಕೌನ್ಸಿಲ್‌ಗಳು ಬೆಂಚನ್ನು ಇಂತಿಷ್ಟು ವರ್ಷಕ್ಕೆಂದು ಹಣ ಪಡೆದು ಇಡುತ್ತವೆ, ಅವಧಿ ಮುಗಿದರೆ ಮತ್ತೆ ಕಟ್ಟಬೇಕು. ಆಗ ಕಟ್ಟುವವರು ಯಾರೆಂದು ಈಗಲೇ ಯೋಚಿಸಿ. ಈ ವಿಷಯಕ್ಕೆ ಬಂದಾಗ ನನಗೆ ನೆನಪಾಗುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬ ಊರಿನ ಸ್ಮಶಾನದ ಒಂದು ಕಲ್ಲು. ವೈದ್ಯಕೀಯ ಓದಲು 1883ರಲ್ಲಿ ಅಮೆರಿಕಕ್ಕೆ ಹೋದ ಆನಂದಿಬಾಯಿ ಜೋಶಿಯವರನ್ನು ಬರಮಾಡಿಕೊಂಡು ಮನೆಮಗಳಂತೆ ಇಟ್ಟುಕೊಂಡವರು ನ್ಯೂಜೆರ್ಸಿಯ ರೊಸೆಲ್ ಎಂಬ ಊರಿನ ಥಿಯೊಡೊಸಿಯಾ ಕಾರ್ಪೆಂಟರ್. ಆನಂದಿಬಾಯಿಯ ಪತಿ ಸಹಾಯ ಕೋರಿ ಬರೆದಿದ್ದ ಕಾಗದವನ್ನು ಒಂದು ಮಿಷನರಿ ಪತ್ರಿಕೆಯಲ್ಲಿ ಆಕಸ್ಮಿಕವಾಗಿ ಓದಿ, ಕಂಡರಿಯದ ಹುಡುಗಿಗೆ ತಾವಾಗಿ ಪತ್ರ ಬರೆದವರು ಅವರು. 1886ರಲ್ಲಿ ಪದವಿ ಪಡೆದ ಆನಂದಿಬಾಯಿ ಮರುವರ್ಷ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಕೊಂಡಾಗ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಅವರ ಚಿತಾಭಸ್ಮ ಕಾರ್ಪೆಂಟರ್ ಅವರ ಬಳಿಗೆ ಹೋಯಿತು, ಅವರು ಅದನ್ನು ತಮ್ಮ ಕುಟುಂಬದ ಸ್ಮಶಾನಭೂಮಿಯಲ್ಲೇ ಇರಿಸಿದರು. ಕಲ್ಲು ಅತಿಥಿಯದು. ಆತಿಥೇಯಳ ವಿಷಯ ನಮಗೆ ತಿಳಿದಿರುವುದು ಆ ಇಬ್ಬರ ನಡುವೆ ಓಡಾಡಿದ ಪತ್ರಗಳಿಂದ. ನಿಮ್ಮ ಬಳಗದ ಬಳಿ ಹಣ ಸ್ವಲ್ಪವೇ ಇದ್ದು ಒಂದನ್ನೇ ಆರಿಸಬೇಕಾದರೆ, ಬೆಂಚಿಗಿಂತ ಮೊದಲು ಅವರ ಪತ್ರ, ಕಾರ್ಡು, ನೋಟ್‌ಬುಕ್ಕುಗಳನ್ನು ಸ್ಕ್ಯಾನ್ ಮಾಡಿಸಲು ಖರ್ಚು ಮಾಡಿ ಎನ್ನುತ್ತೇನೆ.

ಕೊನೆಯದಾಗಿ ಬರವಣಿಗೆಯ ಕ್ರಮದ ಬಗ್ಗೆ ಎರಡು ಮಾತು. ಹುಟ್ಟಿದ ದಿನದಿಂದ ಆರಂಭಿಸಬೇಡಿ, ಒಂದು ಮಂಗಳವಾರದಿಂದ ಆರಂಭಿಸಿ. ಬೀಗ ತೆಗೆದದ್ದು ಎಷ್ಟು ಹೊತ್ತಿಗೆ, ಕುರ್ಚಿಗಳನ್ನು ಹೇಗೆ ಜೋಡಿಸುತ್ತಿದ್ದರು, ಬಾಗಿಲಲ್ಲಿ ತಡವರಿಸಿ ನಿಂತವರ ಬಳಿಗೆ ಮೊದಲು ಯಾರನ್ನು ಕಳಿಸುತ್ತಿದ್ದರು ಎಂಬುದನ್ನು ಹೇಳಿ, ಹುಟ್ಟೂರು, ಶಾಲೆ, ಮಕ್ಕಳ ವಿವರಗಳು ನಡುವೆ ಎಲ್ಲಾದರೂ ಬರಲಿ. ನೀವು ಮೊದಲು ಕನ್ನಡದಲ್ಲೇ ಬರೆದು ಆಮೇಲೆ ಇಂಗ್ಲಿಷಿಗೆ ತರುವುದು ಒಳ್ಳೆಯದು. ಅಳು ಬಂದಾಗ ಕೈಗೆ ಸಿಗುವ ಇಂಗ್ಲಿಷ್ ಮಾತುಗಳೆಲ್ಲ ಸಂತಾಪದ ಕಾರ್ಡುಗಳಿಂದ ಬಂದವು. ಕರಡು ಮುಗಿದ ಮೇಲೆ ಇಬ್ಬರಿಗೆ ಓದಲು ಕೊಡಿ: ಇಸವಿಗಳನ್ನೂ ಹೆಸರುಗಳನ್ನೂ ತಿದ್ದಲು ಅವರ ಮನೆಯವರಿಗೆ, ಮತ್ತು ಅವರನ್ನು ಒಮ್ಮೆಯೂ ನೋಡಿರದ, ಈ ತಿಂಗಳು ಬಳಗಕ್ಕೆ ಹೊಸದಾಗಿ ಬಂದ ಯಾರಿಗಾದರೂ. ಆ ಎರಡನೆಯವರು ಓದಿ ಏನಾದರೊಂದು ಪ್ರಶ್ನೆ ಕೇಳಿದರೆ, ಅದಕ್ಕೆ ಉತ್ತರವನ್ನು ಲೇಖನದಲ್ಲಿ ಸೇರಿಸಿ, ಆಮೇಲೆ ಅಚ್ಚಿಗೆ ಕೊಡಿ.